ಸಿಸ್ಟರ್ ಅಂಟಿಸಿದ ಹಾಳೆಗಳು

ಆ ಕಾಲದಲ್ಲಿ ಕತೆಪುಸ್ತಕ ಕೈಗೆ ಬಂದರೆ ನಾವು ಮೊದಲು ಮೂಸಿ ನೋಡುತ್ತಿದ್ದೆವು, ಓದುವುದು ಆಮೇಲೆ. ಹಳೆಯ ಕಾಗದದ ವಾಸನೆ ನಿಮಗೂ ಗೊತ್ತಿದ್ದೀತು. ನಮ್ಮ ಪುಸ್ತಕಗಳಿಗೆ ಅದರ ಜೊತೆಗೆ ಇನ್ನೊಂದು ವಾಸನೆಯಿತ್ತು. ಮೈದಾ ಹಿಟ್ಟನ್ನು ನೀರಲ್ಲಿ ಕುದಿಸಿ, ಹುಳ ಹತ್ತದಿರಲೆಂದು ಚಿಟಿಕೆ ಮೈಲುತುತ್ತ ಹಾಕಿ ಮಾಡಿದ ಅಂಟಿನ ವಾಸನೆ ಅದು. ಮಳೆಗಾಲದಲ್ಲಿ ಸ್ವಲ್ಪ ಹುಳಿಯಾಗಿ ಮೂಗಿಗೆ ಅಡರುತ್ತಿತ್ತು.

ಎಂಬತ್ತರ ದಶಕದ ಮೊದಲ ವರ್ಷಗಳು. ನಾಗಪುರದ ಸದರ್ ಕಡೆಯ ಒಂದು ಕಾನ್ವೆಂಟಿನಲ್ಲಿ ನಾನು ಐದನೇ ಇಯತ್ತೆ ಓದುತ್ತಿದ್ದೆ. ಅಲ್ಲಿನ ಲೈಬ್ರರಿ ಎಂದರೆ ಚಾಪೆಲ್‌ನ ಹಿಂದಿನ ಉದ್ದನೆಯ ಕೋಣೆ, ಗಾಜಿನ ಬಾಗಿಲಿನ ಕಪಾಟುಗಳು, ಮತ್ತು ಸಿಸ್ಟರ್ ಬೆನಿಟಾ. ಸಣ್ಣ ದೇಹ, ದಪ್ಪ ಕನ್ನಡಕ, ಬೆರಳ ತುದಿಗಳಲ್ಲಿ ಸದಾ ಒಣಗಿದ ಅಂಟಿನ ಪೊರೆ. ಹೊಸ ಪುಸ್ತಕ ಬಂದರೆ ಮೊದಲು ಅವರು ಓದಬೇಕು. ಓದುತ್ತಾ, ಮಕ್ಕಳು ಓದಬಾರದ್ದು ಬಂತೆಂದರೆ ಬ್ರಷ್ ಎತ್ತಿಕೊಂಡು ಆ ಹಾಳೆಗಳನ್ನು ಒಂದಕ್ಕೊಂದು ಅಂಟಿಸಿಬಿಡುತ್ತಿದ್ದರು. ಹರಿದು ಬಿಸಾಡುತ್ತಿರಲಿಲ್ಲ, ಪುಸ್ತಕ ಹರಿಯುವುದು ಪಾಪ ಅನ್ನುತ್ತಿದ್ದರು. ಯಾರಾದರೂ ಸತ್ತರೆ ಅಂಟು. ಅಪ್ಪ ಕುಡಿದು ಬಂದರೆ ಅಂಟು. ಹುಡುಗ ಹುಡುಗಿ ತೋಟದಲ್ಲಿ ತುಸು ಹೆಚ್ಚು ಹೊತ್ತು ಮಾತಾಡಿದರೂ ಅಂಟು.

ನಮಗೆ ಅದು ವಿಚಿತ್ರವೆಂದು ಅನ್ನಿಸಿದ್ದೇ ಇಲ್ಲ. ಪುಸ್ತಕಗಳೆಂದರೆ ಹಾಗೆಯೇ ಇರುತ್ತವೆ, ನಡುನಡುವೆ ಒಂದೊಂದು ಹಾಳೆ ಹಪ್ಪಳದಂತೆ ದಪ್ಪಗಿರುತ್ತದೆ ಎಂದುಕೊಂಡಿದ್ದೆವು. ದಪ್ಪ ಹಾಳೆ ಬಂದಾಗ ಕತೆ ಜಿಗಿಯುತ್ತದೆ, ನಾವೂ ಜಿಗಿಯಬೇಕು. ಒಂದು ಕತೆಯಲ್ಲಿ ಮುದಿ ಕುದುರೆ ಹುಲ್ಲು ಮೆಲ್ಲುತ್ತಾ ನಿಂತಿತ್ತು. ದಪ್ಪ ಹಾಳೆಯಾಚೆ ಲಾಯ ತೊಳೆದು ಸ್ವಚ್ಛವಾಗಿತ್ತು, ಹುಡುಗನ ಕೈಯಲ್ಲಿ ನಾಯಿಮರಿ ಇತ್ತು. ನಾವು ನಾಯಿಮರಿಯನ್ನು ಪ್ರೀತಿಸತೊಡಗಿದೆವು, ಅಷ್ಟೇ.

ಶುಕ್ರವಾರ ಲೈಬ್ರರಿ ಪೀರಿಯಡ್. ಓದಿದ ಪುಸ್ತಕ ಹಿಡಿದು ಒಬ್ಬೊಬ್ಬರೇ ಎದ್ದು ನಿಲ್ಲಬೇಕು. ಸಿಸ್ಟರ್ ಕೇಳುತ್ತಿದ್ದುದು ಒಂದೇ ಪ್ರಶ್ನೆ: ಈ ಕತೆಯ ಥೀಮ್ ಏನು? ಪ್ರಾಮಾಣಿಕತೆ, ದೊಡ್ಡವರ ಮಾತು ಕೇಳುವುದು, ಪ್ರಾಣಿಗಳ ಮೇಲೆ ದಯೆ. ಇವುಗಳಲ್ಲಿ ಯಾವುದನ್ನು ಹೇಳಿದರೂ ಸಿಸ್ಟರ್ ತಲೆಯಾಡಿಸಿ ಕೂರಿಸುತ್ತಿದ್ದರು. ಪುಸ್ತಕ ಓದದೇ ಬಂದವರೂ ಈ ಮೂರರ ಪುಣ್ಯದಿಂದ ಪಾರಾಗುತ್ತಿದ್ದರು.

ನಾನು ಮಾತ್ರ ಎಲ್ಲ ಪುಸ್ತಕಗಳನ್ನೂ ಓದುತ್ತಿದ್ದೆ. ಬೇರೇನೂ ಕೆಲಸವಿರಲಿಲ್ಲ, ಬೇರೆ ಯಾರೂ ಇರಲಿಲ್ಲ.

ಅಪ್ಪನಿಗೆ ರೈಲ್ವೆಯಲ್ಲಿ ಕೆಲಸ. ಧಾರವಾಡದವರಾದ ನಾವು ಹುಬ್ಬಳ್ಳಿಯಿಂದ ವರ್ಗವಾಗಿ ಬಂದು ಕ್ವಾರ್ಟರ್ಸಿನಲ್ಲಿದ್ದೆವು. ಹೊರಗೆ ಮಕ್ಕಳೆಲ್ಲ ಮರಾಠಿ, ಹಿಂದಿ. ಲಗೋರಿ ಆಡುವಾಗ ನನ್ನನ್ನು ಸೇರಿಸಿಕೊಳ್ಳುತ್ತಿದ್ದರು. ಆದರೆ ಜಗಳ ಹತ್ತಿದಾಗ ನನಗೆ ಅವರ ಭಾಷೆಯಲ್ಲಿ ಜಗಳವಾಡಲು ಬರುತ್ತಿರಲಿಲ್ಲ, ಹಾಗಾಗಿ ಯಾವಾಗಲೂ ನಾನೇ ಔಟ್. ಮನೆಗೆ ಬಂದು ಅವ್ವನ ಮುಂದೆ ಕೂತರೆ ಅವಳು ಮೊರದಲ್ಲಿ ಅಕ್ಕಿ ಹರವಿಕೊಂಡು ಕಲ್ಲು ಆರಿಸುತ್ತಾ, "ಹೂಂ, ಏನ ಓದಿದೆವ್ವಾ ಇವತ್ತು? ಹೇಳು," ಅನ್ನುತ್ತಿದ್ದಳು. ಅವ್ವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಕಾನ್ವೆಂಟಿನ ಕತೆಗಳೆಲ್ಲ ನನ್ನ ಬಾಯಲ್ಲಿ ಧಾರವಾಡದ ಕನ್ನಡವಾಗಿ ಅವಳಿಗೆ ಸೇರುತ್ತಿದ್ದವು. ಇಂಗ್ಲೆಂಡಿನ ಸಾಹುಕಾರನೂ "ಬರ್ರಿ, ಕುಂದರ್ರಿ, ಚಾ ಕುಡೀರಿ" ಅನ್ನುತ್ತಿದ್ದ.

ಆ ವರ್ಷ ಸಂಕ್ರಾಂತಿ ಮುಗಿಸಿ ಅವ್ವ ಹೆರಿಗೆಗೆಂದು ಧಾರವಾಡಕ್ಕೆ ಹೋದಳು. ನನಗೆ ಪರೀಕ್ಷೆ ಇತ್ತು. ಪರೀಕ್ಷೆ ಮುಗಿದ ಮೇಲೆ ಕರೆದುಕೊಂಡು ಹೋಗುತ್ತೇನೆಂದು ಅಪ್ಪ ಹೇಳಿದ್ದರು. ರೈಲು ಹೊರಡುವ ಮೊದಲು ಅವ್ವ ಕಿಟಕಿಯ ಸರಳಿನ ನಡುವೆ ಕೈ ಹಾಕಿ ನನ್ನ ಗಲ್ಲ ಹಿಡಿದು, "ತಮ್ಮನ್ನ ತರಲೋ, ತಂಗೀನ್ನ ತರಲೋ?" ಎಂದು ಕೇಳಿದ್ದಳು.

"ತಮ್ಮ," ಎಂದಿದ್ದೆ. ಅಂಗಡಿಯಲ್ಲಿ ಹೇಳಿದ ಹಾಗೆ.

ಮಾರ್ಚಿನಲ್ಲಿ ಒಂದು ದಿನ ಅಪ್ಪ ನನ್ನನ್ನು ಪಕ್ಕದ ಮನೆಯ ಕುಸುಮ ಕಾಕುವಿನ ಹತ್ತಿರ ಬಿಟ್ಟು, ಸಂಭ್ರಮದಲ್ಲೇ ಧಾರವಾಡಕ್ಕೆ ಹೊರಟರು. ಗಂಡು ಕೂಸು ಹುಟ್ಟಿದೆ ಎಂಬ ತಾರು ಬಂದಿತ್ತು. ಕಾಕು ನನ್ನ ಬಾಯಿಗೆ ಸಕ್ಕರೆ ಹಾಕಿದರು. ಅಪ್ಪ ತಿರುಗಿ ಬಂದಾಗ ಅವರ ಗಡ್ಡ ಬೆಳೆದಿತ್ತು. "ಪರೀಕ್ಷಾ ಆದಮ್ಯಾಲೆ ಹೋಗೂಣಲ್ಲಾ?" ಎಂದು ಕೇಳಿದೆ. "ಈ ಸಲ ಬ್ಯಾಡವ್ವಾ. ಅಲ್ಲಿ ಭಾಳ ಸೆಕಿ," ಎಂದರು. ನಾಗಪುರದಲ್ಲಿ ಕೂತು ಧಾರವಾಡದಲ್ಲಿ ಸೆಕೆ ಎಂದರೆ ಯಾರು ನಂಬಬೇಕು? ನಾನು ನಂಬಿದೆ.

ಜೂನಿನಲ್ಲಿ ಶಾಲೆ ಶುರುವಾಗುವ ಹೊತ್ತಿಗೆ ಅವ್ವ ಬಂದಳು. ಕೈಯಲ್ಲಿ ಕೂಸಿರಲಿಲ್ಲ. ಅವ್ವನ ತಾಯಿ, ನಮ್ಮ ಆಯಿ, ಕಟ್ಟಿಕೊಟ್ಟ ಅಂಟಿನ ಉಂಡಿಯ ಡಬ್ಬಿ ಇತ್ತು. ಬಾಣಂತಿಯರಿಗೆ ಮಾಡುವ ಉಂಡಿ. ಒಣಕೊಬ್ಬರಿ, ಉತ್ತತ್ತಿ, ತುಪ್ಪದ ಘಮ ಮನೆಯೆಲ್ಲ ತುಂಬಿತು.

"ತಮ್ಮ ಎಲ್ಲಿ?" ಎಂದೆ.

ಅವ್ವ ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚುತ್ತಾ ಗೋಡೆಯ ಕಡೆ ತಿರುಗಿದಳು. ಉತ್ತರ ಕೊಟ್ಟವರು ಅಪ್ಪ. "ಕೂಸು ಆಯಿ ಕಡೆ ಐತಿ. ಭಾಳ ಸಣ್ಣದೈತಿ, ಸ್ವಲ್ಪ ಗಟ್ಟಿ ಆದಮ್ಯಾಲೆ ತರೂಣಂತ."

"ಯಾವಾಗ ಗಟ್ಟಿ ಆಗತೈತಿ?"

"ಆಗತೈತಿ ತಗೋ. ಮಳಿ ಮುಗೀಲಿ."

ನಾನು ಮಳೆ ಮುಗಿಯುವುದನ್ನು ಕಾಯತೊಡಗಿದೆ. ಮಳೆ ಇನ್ನೂ ಶುರುವೇ ಆಗಿರಲಿಲ್ಲ.

ಅವ್ವ ಒಳಕೋಣೆಯಲ್ಲಿ ಚಾಪೆಯ ಮೇಲೆ ಗೋಡೆಗೆ ಮುಖಮಾಡಿ ಮಲಗುತ್ತಿದ್ದಳು. ಆ ಗೋಡೆಯ ಸುಣ್ಣ ಒಂದು ಕಡೆ ಎದ್ದು ಹಕ್ಕಿಯ ಆಕಾರ ಬಂದಿತ್ತು. ಅವಳ ಉಗುರು ಅಲ್ಲೇ ಓಡಾಡಿ ದಿನದಿನಕ್ಕೆ ಆ ಹಕ್ಕಿ ದೊಡ್ಡದಾಗುತ್ತಿತ್ತು. ಬೆಳಿಗ್ಗೆ ಅಪ್ಪ ಅನ್ನ ಮಾಡಿಟ್ಟು ಕೆಲಸಕ್ಕೆ ಹೋಗುತ್ತಿದ್ದರು, ಪೋಳಿ, ಅಂದರೆ ಚಪಾತಿ, ಕಾಕುವಿನ ಮನೆಯಿಂದ ಬರುತ್ತಿತ್ತು. ಶಾಲೆಯಿಂದ ಬಂದು ಪಾಟೀಚೀಲ ಇಳಿಸಿ ನಾನು ಬಾಗಿಲಲ್ಲಿ ನಿಲ್ಲುತ್ತಿದ್ದೆ. ಏನು ಓದಿದೆ ಎಂದು ಯಾರೂ ಕೇಳುತ್ತಿರಲಿಲ್ಲ. ಮೊರ ಗೋಡೆಗೆ ಒರಗಿಕೊಂಡೇ ಇತ್ತು. ಆ ವರ್ಷ ನಾವು ಅನ್ನದಲ್ಲಿ ಬಹಳ ಕಲ್ಲು ತಿಂದೆವು.

ಕತೆ ಹೇಳಲು ಯಾರೂ ಇಲ್ಲದಾಗ ನಾನು ಹಿತ್ತಲಿನ ಪೇರಲ ಗಿಡದ ಬುಡದಲ್ಲಿ ಕೂತು ತಮ್ಮನಿಗೆ ಹೇಳುತ್ತಿದ್ದೆ. ಅವನು ಬಂದಾಗ ಮೊದಲು ಯಾವ ಕತೆ, ಆಮೇಲೆ ಯಾವುದು ಎಂದು ಮನಸ್ಸಿನಲ್ಲೇ ಸಾಲು ಹಚ್ಚಿಟ್ಟಿದ್ದೆ. ಕ್ವಾರ್ಟರ್ಸಿನ ಹುಡುಗಿಯರಿಗೆಲ್ಲ ನನ್ನ ತಮ್ಮ ಬರುತ್ತಾನೆ ಎಂದು ಸಾರಿದ್ದೆನಾದ್ದರಿಂದ ಅವರೂ ಬಿಡುತ್ತಿರಲಿಲ್ಲ. "ತುಝಾ ಭಾವೂ ಕಧೀ ಯೇಣಾರ್ ಗ?" ನಿನ್ನ ತಮ್ಮ ಯಾವಾಗ ಬರ್ತಾನೆ ಎಂದು ಅವರಲ್ಲೊಬ್ಬಳು ಕೇಳಿದ್ದನ್ನು ಒಮ್ಮೆ ಕುಸುಮ ಕಾಕು ಕೇಳಿಸಿಕೊಂಡರು. ಅವಳ ಬೆನ್ನಿಗೆ ಒಂದು ಗುದ್ದು ಬಿತ್ತು. ನನ್ನನ್ನು ಒಳಗೆ ಕರೆದುಕೊಂಡು ಹೋಗಿ ಬಿಸಿಬಿಸಿ ಸಾಬೂದಾಣಾ ಖಿಚಡಿ ಬಡಿಸಿ, "ಖಾ ಬಾಳಾ, ಖಾ," ಎಂದು ತಲೆ ಸವರಿದರು. ಯಾವತ್ತೂ ಇಲ್ಲದಷ್ಟು ಶೇಂಗಾ ಪುಡಿ ಹಾಕಿದ್ದರು. ಅಷ್ಟು ಕರುಣೆ ಏಕೆಂದು ನನಗೆ ತಿಳಿಯಲಿಲ್ಲ.

ಶ್ರಾವಣ ಮುಗಿಯುತ್ತಾ ಬಂದಿತ್ತು. ನಾಗಪುರದಲ್ಲಿ ಎತ್ತುಗಳ ಹಬ್ಬ ಪೋಳಾ ಆದ ಮರುದಿನ ಮಕ್ಕಳ ಪೋಳಾ. ತಾನ್ಹಾ ಪೋಳಾ ಅನ್ನುತ್ತಾರೆ. ಗಾಲಿ ಹಚ್ಚಿದ ಕಟ್ಟಿಗೆಯ ಎತ್ತುಗಳಿಗೆ ಬಣ್ಣದ ಕಾಗದ, ಗೆಜ್ಜೆ ಕಟ್ಟಿ ದಾರ ಹಿಡಿದು ಎಳೆಯುತ್ತಾ ಮಕ್ಕಳು ಮನೆಮನೆಗೆ ಹೋಗುತ್ತಾರೆ. ಪ್ರತಿ ಮನೆಯಲ್ಲೂ ತಿನ್ನಲು ಏನಾದರೂ ಸಿಗುತ್ತದೆ. ನಾನು ಅಪ್ಪನ ಹಿಂದೆ ಬಿದ್ದೆ.

"ನನಗೊಂದು ಎತ್ತು ಬೇಕು. ತಮ್ಮಗೊಂದು."

"ಅಂವಗ ಯಾಕ ಈಗ?"

"ಅಂವಾ ಬಂದಾಗ ಕೇಳಿದ್ರ? ಅಕ್ಕಗ ಐತಿ, ನನಗಿಲ್ಲ ಅಂತ ಅತ್ರ?"

ಆ ಭಾನುವಾರ ಅಪ್ಪ ಹಳೇ ಪೇಟೆ ಮಹಾಲಿನ ಓಣಿಗಳಿಗೆ ಹೋಗಿ ಬಂದರು. ಕ್ಯಾರಿಯರ್‌ಗೆ ಕಟ್ಟಿದ್ದ ವರ್ತಮಾನಪತ್ರಿಕೆಯ ಪೊಟ್ಟಣ ಬಿಚ್ಚಿದೆ. ಎರಡು ಎತ್ತು ಇದ್ದವು. ಒಂದು ದೊಡ್ಡದು, ಒಂದು ಮುಷ್ಟಿಯಲ್ಲಿ ಹಿಡಿಯುವಷ್ಟು ಸಣ್ಣದು. ಇಲ್ಲ ಎಂದು ಹೇಳಲು ಆಗದ ಅಪ್ಪ ಅಂಗಡಿಯವನ ಮುಂದೆ ನಿಂತು ಕೂಸಿನ ಕೈಗೆ ಎಷ್ಟು ದೊಡ್ಡದು ಒಗ್ಗುತ್ತದೆ ಎಂದು ಆರಿಸಿ ತಂದಿದ್ದರು. ಆಗ ನಾನು ಕುಣಿದಾಡಿ ಎರಡನ್ನೂ ಅವ್ವನ ಕೋಣೆಯ ಗೂಡಿನಲ್ಲಿ ಜೋಡಿಸಿಟ್ಟೆ. ಅವ್ವ ನೋಡಿದಳು. ಅಪ್ಪನನ್ನೂ ನೋಡಿದಳು. "ಎರಡು ಯಾಕ ತಂದ್ರಿ?" ಎಂದಳು. ಅಪ್ಪ ಅಂಗಿ ತೆಗೆದು ಮೊಳೆಗೆ ಹಾಕಿ ಬಚ್ಚಲಿಗೆ ಹೋದರು. ಬಹಳ ಹೊತ್ತು ನೀರು ಬೀಳುವ ಸಪ್ಪಳ ಕೇಳುತ್ತಿತ್ತು.

ಅದೇ ವಾರ ನನ್ನ ಕೈಗೆ ಆ ಪುಸ್ತಕ ಬಂತು. ನೀಲಿ ರಟ್ಟಿನದು. ಯಾವುದೋ ಚಳಿದೇಶದಲ್ಲಿ ಬ್ರೆಡ್ ಸುಡುವವನ ಮನೆ. ಅಪ್ಪ, ಅಮ್ಮ, ಅಕ್ಕ, ಒಬ್ಬ ಸಣ್ಣ ತಮ್ಮ. ತಮ್ಮ ಹಿಟ್ಟಿನ ಚೀಲದ ಮೇಲೆ ಕೂತು ಕಣಕದಲ್ಲಿ ಇಲಿ, ಬಾತುಕೋಳಿ ಮಾಡುತ್ತಿದ್ದ. ಅಪ್ಪ ಅವನ್ನೂ ಒಲೆಗೆ ಹಾಕಿ ಸುಟ್ಟು ಕೊಡುತ್ತಿದ್ದ. ಚಳಿಗಾಲದಲ್ಲಿ ತಮ್ಮನಿಗೆ ಕೆಮ್ಮು ಹತ್ತಿತು. ಅಮ್ಮ ಅವನ ಎದೆಗೆ ಉಣ್ಣೆ ಬಟ್ಟೆ ಸುತ್ತಿದಳು. ಆಮೇಲೆ ದಪ್ಪ ಹಾಳೆ, ಒಂದಲ್ಲ, ಹಲವು ಸೇರಿ ರಟ್ಟಿನಷ್ಟು ದಪ್ಪ. ಅದರಾಚೆ ವಸಂತ ಬಂದಿತ್ತು. ಅಂಗಡಿಯ ಬಾಗಿಲಿಗೆ ಹೊಸ ಬಣ್ಣ. ಅಕ್ಕ ಬುಟ್ಟಿ ಹಿಡಿದು ಮನೆಮನೆಗೆ ಬ್ರೆಡ್ ಕೊಡುತ್ತಿದ್ದಳು. ಕತೆ ಮುಗಿಯಿತು.

ನಾನು ಮತ್ತೆ ಮೊದಲಿನಿಂದ ಓದಿದೆ. ಕೊನೆಯ ಹಾಳೆಗಳಲ್ಲಿ ಎಲ್ಲೂ ತಮ್ಮನ ಹೆಸರಿರಲಿಲ್ಲ. ಅವನು ಊರಿಗೆ ಹೋದ ಎಂದಾಗಲಿ, ಶಾಲೆಗೆ ಸೇರಿದ ಎಂದಾಗಲಿ ಇರಲಿಲ್ಲ. ಅವನು ಕೂರುತ್ತಿದ್ದ ಹಿಟ್ಟಿನ ಚೀಲದ ಮಾತೇ ಇರಲಿಲ್ಲ. ಎಲ್ಲರೂ ಮೆಲ್ಲಗೆ ಮಾತಾಡುತ್ತಿದ್ದರು. ನೆರೆಯವಳೊಬ್ಬಳು ಅಕ್ಕನನ್ನು ಕರೆದು ಸುಮ್ಮಸುಮ್ಮನೆ ಜಾಮ್ ಹಚ್ಚಿದ ರೊಟ್ಟಿ ಕೊಡುತ್ತಿದ್ದಳು.

ಅಲ್ಲಿ ನನ್ನ ಕಣ್ಣು ನಿಂತಿತು. ನನಗೆ ಕುಸುಮ ಕಾಕುವಿನ ಖಿಚಡಿ ನೆನಪಾಯಿತು.

ಶುಕ್ರವಾರ ನನ್ನ ಸರದಿ ಬಂತು. ಹೊರಗೆ ಮಳೆ ಹೊಡೆಯುತ್ತಿತ್ತು, ಕಿಟಕಿ ಮುಚ್ಚಿದ್ದರು. ಸಿಸ್ಟರ್ ಎಂದಿನಂತೆ ಥೀಮ್ ಏನೆಂದು ಕೇಳಿದರು. ನಾನು ದುಡಿಮೆ ಅನ್ನಬಹುದಿತ್ತು, ಅಕ್ಕ ಬ್ರೆಡ್ ಮಾರಿದ್ದಳಲ್ಲ.

"ಸಿಸ್ಟರ್, ಆ ತಮ್ಮ ಎಲ್ಲಿ ಹೋದ?" ಎಂದು ಇಂಗ್ಲಿಷಿನಲ್ಲಿ ಕೇಳಿದೆ.

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಸಿಸ್ಟರ್ ಕನ್ನಡಕ ತೆಗೆದು ಒರೆಸಿಕೊಂಡರು.

"ಅದು ನೀನು ದೊಡ್ಡವಳಾದ ಮೇಲೆ ಓದುವ ಭಾಗ. ನಾನು ಕೇಳಿದ್ದು ಥೀಮ್."

"ಅವನಿಲ್ಲದೆ ಥೀಮ್ ಹೇಗೆ ಹೇಳಲಿ, ಸಿಸ್ಟರ್?"

ಎದುರುತ್ತರ ಕೊಡುವ ಹುಡುಗಿ ನಾನಲ್ಲ. ಅಂದು ನನಗೇ ನನ್ನ ದನಿ ಕೇಳಿ ಹೆದರಿಕೆಯಾಯಿತು. ಸಿಸ್ಟರ್ ಬೈಯಲಿಲ್ಲ. "ಕೂತುಕೋ," ಎಂದರು. ಪುಸ್ತಕ ವಾಪಸು ತೆಗೆದುಕೊಳ್ಳುವುದನ್ನೂ ಮರೆತರು.

ಮನೆಗೆ ಬರುವ ದಾರಿಯಲ್ಲಿ ಸೈಕಲ್ ರಿಕ್ಷಾದ ಪರದೆಯೊಳಗೆ ಹುಡುಗಿಯರ ಗದ್ದಲ. ನಾನು ಪುಸ್ತಕವನ್ನು ಒದ್ದೆಯಾಗದಂತೆ ಯೂನಿಫಾರಂ ಒಳಗೆ ಒತ್ತಿಕೊಂಡಿದ್ದೆ. ಮೈದಾದ ಹುಳಿ ವಾಸನೆ ಕತ್ತಿನಿಂದ ಮೇಲೆ ಬರುತ್ತಿತ್ತು. ಅಂಟಿಸಿದ ಪುಸ್ತಕಗಳನ್ನು ಅಷ್ಟು ಓದಿದ್ದೆನಲ್ಲ, ನಡುವಿನಿಂದ ಯಾರನ್ನಾದರೂ ತೆಗೆದ ಕತೆ ಆಮೇಲೆ ಹೇಗೆ ನಡೆಯುತ್ತದೆ ಎಂಬುದು ನನಗೆ ಗೊತ್ತಾಗಿಬಿಟ್ಟಿತ್ತು. ನಮ್ಮ ಮನೆ ಹಾಗೆ ನಡೆಯುತ್ತಿತ್ತು. ಆಯಿಯ ಹತ್ತಿರ ಕೂಸಿದ್ದರೆ ಅವ್ವ ಇಲ್ಲೇಕೆ ಮಲಗಿರುತ್ತಾಳೆ? ಹಾಲು ಕುಡಿಯುವ ಕೂಸು ಅದು. ಇಷ್ಟು ಸರಳವಾದ ಮಾತು ಜೂನಿನಿಂದ ನನಗೆ ಹೊಳೆದಿರಲಿಲ್ಲ. ಕೇಳಬೇಕು ಅನ್ನಿಸಿತು. ಕೇಳಿದರೆ ಅದು ನಿಜವಾಗಿಬಿಡುತ್ತದೆ ಎಂದೂ ಅನ್ನಿಸಿತು.

ಒಳಗೆ ಹೋದಾಗ ಅವ್ವ ಎದ್ದು ಕೂತಿದ್ದಳು, ಗೂಡಿನ ಎತ್ತುಗಳನ್ನು ನೋಡುತ್ತಾ. ನನ್ನ ಲಂಗದಿಂದ ನೀರು ತೊಟ್ಟಿಕ್ಕುತ್ತಿತ್ತು.

"ಎದಿಯಾಗ ಏನ ಇಟಗೊಂಡಿ ಅದು?"

"ಪುಸ್ತಕ."

"ಹಾಂ." ಎಷ್ಟೋ ತಿಂಗಳ ಮೇಲೆ ಅವ್ವ ಕೇಳಿದಳು: "ಏನೈತಿ ಅದರಾಗ? ಹೇಳು."

ಅಷ್ಟು ದಿನ ಇದೇ ಮಾತಿಗೆ ಕಾದಿದ್ದೆ. ಕೊನೆಗೂ ಕೇಳಿದಾಗ ನನ್ನ ಕೈಯಲ್ಲಿದ್ದುದು ಈ ಕತೆ.

ಬಟ್ಟೆ ಬದಲಿಸಿ ಬಂದು ಕೂತು ಹೇಳತೊಡಗಿದೆ. ಬ್ರೆಡ್ ಸುಡುವ ಅಪ್ಪ, ಹಿಟ್ಟಿನ ಚೀಲ, ಕಣಕದ ಇಲಿ. ಇಲಿಯ ಬಾಲ ಸೀದುಹೋದದ್ದನ್ನು ಹೇಳಿದಾಗ ಅವ್ವನ ತುಟಿ ಸ್ವಲ್ಪ ಅಲುಗಿತು. ಕೆಮ್ಮು ಬರುವ ಜಾಗ ಹತ್ತಿರವಾಯಿತು. ನಾನು ಕೆಮ್ಮನ್ನೇ ಬಿಟ್ಟೆ. ತಮ್ಮನನ್ನು ಅಜ್ಜಿಯ ಊರಿಗೆ ಕಳಿಸಿದೆ. ವಸಂತ ತಂದೆ, ಬಾಗಿಲಿಗೆ ಬಣ್ಣ ಹಚ್ಚಿದೆ, ಅಕ್ಕನ ಕೈಗೆ ಬುಟ್ಟಿ ಕೊಟ್ಟೆ.

"ಮುಗೀತು," ಎಂದೆ.

ಅವ್ವ ನನ್ನ ಮುಖವನ್ನೇ ನೋಡುತ್ತಿದ್ದಳು. "ನಡುವ ಏನೋ ಬಿಟ್ಟಿ ನೀ."

"ಇಲ್ಲವ್ವಾ."

"ಬಿಟ್ಟಿ. ಅಜ್ಜಿ ಊರಿಗೆ ಕಳಿಸಿದ್ರ, ಕಣಕದ ಇಲಿ ಮಾಡಿ ಅಂವಗ ಕಳಸತಿದ್ರಿಲ್ಲೊ ಯಾರರ? ಯಾಕ ಯಾರೂ ಅಂವನ್ನ ನೆನಸಂಗಿಲ್ಲ?"

ನಾನು ಪುಸ್ತಕ ತೆರೆದು ದಪ್ಪ ಹಾಳೆ ತೋರಿಸಿದೆ. "ಈ ಹಾಳಿ ಅಂಟ್ಯಾವ. ಸಿಸ್ಟರ್ ಅಂಟಿಸ್ಯಾರ. ಸಣ್ಣ ಮಕ್ಕಳು ಓದಬಾರದಂತ."

ಅವ್ವ ಅದನ್ನು ಕೈಗೆ ತೆಗೆದುಕೊಂಡು ಬೆರಳಿನಿಂದ ಅಂಚು ಸವರಿದಳು. ಹಿಂದೆ ಮುಂದೆ ತಿರುಗಿಸಿದಳು. ಆಮೇಲೆ ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಅಡಿಗೆಮನೆಗೆ ಹೋಗಿ ಸ್ಟೋವಿಗೆ ಗಾಳಿ ಹಾಕಿ ನೀರಿಟ್ಟಳು. ಜೂನಿನಿಂದ ಆ ಮನೆಯಲ್ಲಿ ಅವಳು ಒಲೆ ಹಚ್ಚಿದ್ದು ಅದೇ ಮೊದಲು.

ಜರಿ ಅಂಚನ್ನು ಹಳೆ ಸೀರೆಯಿಂದ ಒಂದು ಎಳೆ ಹರಿಯದಂತೆ ಬಿಡಿಸಿ ಹೊಸ ಸೀರೆಗೆ ಹಚ್ಚುತ್ತಿದ್ದ ಕೈ ಅವಳದು. ನೀರು ಕುದಿಯತೊಡಗಿದಾಗ ದಪ್ಪ ಹಾಳೆಯನ್ನು ಹಬೆಗೆ ಹಿಡಿದಳು. ನನ್ನ ಸ್ಟೀಲ್ ಸ್ಕೇಲನ್ನು ಮೂಲೆಯಲ್ಲಿ ತೂರಿಸಿ ಮೆಲ್ಲಗೆ ಆಡಿಸಿದಳು. ಮತ್ತೆ ಹಬೆ, ಮತ್ತೆ ಸ್ಕೇಲು. "ಅವ್ವಾ, ಸಿಸ್ಟರ್ ಬೈತಾರ," ಎಂದೆ.

"ಬೈಲಿ. ನಾ ಬರತೇನಿ ಬೈಸ್ಕೊಳ್ಳಾಕ."

ಹಾಳೆಗಳು ಒಂದೊಂದಾಗಿ ಬಿಟ್ಟುಕೊಂಡವು. ಕೆಲವು ಕಡೆ ಅಕ್ಷರಗಳ ಸಿಪ್ಪೆ ಎದುರಿನ ಹಾಳೆಗೆ ಅಂಟಿ ಸಾಲುಗಳೇ ಹೋಗಿದ್ದವು. "ಓದು," ಎಂದಳು ಅವ್ವ, ಅಡಿಗೆಮನೆಯ ನೆಲದಲ್ಲೇ ಕೂತು. ನಾನು ಒಂದೊಂದು ವಾಕ್ಯ ಓದಿ, ಅದನ್ನು ನಮ್ಮ ಮಾತಿಗೆ ತಿರುಗಿಸಿ ಹೇಳಿದೆ.

ಅಲ್ಲಿ ನಾನು ಹೆದರಿದ್ದಂಥದ್ದು ಏನೂ ಇರಲಿಲ್ಲ. ಬೆಳಗಿನ ಬ್ರೆಡ್ ಒಲೆಯಲ್ಲಿದ್ದಾಗ ತಮ್ಮ ಹೋಗಿಬಿಟ್ಟ. ಅಪ್ಪ ಅವನ ಪಕ್ಕದಿಂದ ಏಳಲಿಲ್ಲ, ಬ್ರೆಡ್ ಸೀದು ಕಲ್ಲಿದ್ದಲಾಯಿತು. ಆಮೇಲೆ ಅಪ್ಪ ಎದ್ದು ಹೋಗಿ ಕರಿ ಬ್ರೆಡ್ಡುಗಳನ್ನು ಒಂದೊಂದಾಗಿ ತೆಗೆದು ಎಂದಿನಂತೆ ಅಂಗಡಿಯ ಹಲಗೆಯ ಮೇಲೆ ಸಾಲಾಗಿ ಜೋಡಿಸಿದ. ಕೊಳ್ಳಲು ಬಂದವರು ನೋಡಿ, ಏನೂ ಕೇಳದೆ ಟೋಪಿ ತೆಗೆದು ನಿಂತರು.

ಅವ್ವ ಸ್ಟೋವಿನ ಕಡೆ ನೋಡುತ್ತಿದ್ದಳು. ನೀರು ಆರಿ ಪಾತ್ರೆ ಚುರುಗುಟ್ಟುತ್ತಿತ್ತು.

"ನಿಮ್ಮಪ್ಪಾನೂ ಹಂಗ," ಎಂದಳು. "ಇಲ್ಲಿಂದ ಸಂತ್ರಾ ಹಣ್ಣಿನ ಬುಟ್ಟಿ ಹೊತ್ತಗೊಂಡ ಬಂದ್ರು, ಓಣ್ಯಾಗ ಎಲ್ಲಾರಿಗೂ ಹಂಚಾಕ. ಅವರು ರೈಲಿನ್ಯಾಗ ಇದ್ದಾಗ ಹೋತು ಕೂಸು. ಬಾಗಲದಾಗ ಆಯಿ ಹೇಳಿದ್ಲು. ಬುಟ್ಟಿ ಇಳಸಲೇ ಇಲ್ಲ ಅವರು. ಕಂಕಳಾಗ ಇಟಗೊಂಡನ ನಿಂತ್ರು. ಯಾರೋ ಕಸಗೊಂಡ ಕೆಳಗಿಟ್ರು."

ಅವ್ವ ಕೈ ಚಾಚಿ ಸ್ಟೋವ್ ಆರಿಸಿದಳು.

"ಗೊತ್ತಾಗಿತ್ತೇನ ನಿನಗ?"

"ಇವತ್ತ ಗೊತ್ತಾತು."

ಅವ್ವ ನನ್ನನ್ನು ಎಳೆದು ತೊಡೆಯ ಮೇಲೆ ಹಾಕಿಕೊಂಡಳು. ನಾನು ಆ ವಯಸ್ಸಿಗೆ ತೊಡೆಯಲ್ಲಿ ಹಿಡಿಯದಷ್ಟು ಉದ್ದವಾಗಿದ್ದೆ, ಕಾಲು ಹೊಸ್ತಿಲಿನಾಚೆ ಹೋಗಿದ್ದವು. ಅವಳ ಅಳು ಸಪ್ಪಳ ಮಾಡುತ್ತಿರಲಿಲ್ಲ. ನನ್ನ ಬೈತಲೆಯಲ್ಲಿ ಬಿಸಿಯಾಗಿ ಇಳಿಯುತ್ತಿತ್ತು.

"ಹೆಂಗಿದ್ದಾ?" ಎಂದೆ.

ಯಾರೂ ಅವಳನ್ನು ಆ ಪ್ರಶ್ನೆ ಕೇಳಿರಲಿಲ್ಲ ಎಂದು ಈಗ ಅನ್ನಿಸುತ್ತದೆ. ಎಲ್ಲರೂ, ಆದದ್ದಾತು ಮರತಬಿಡು ಎಂದೇ ಹೇಳಿರಬೇಕು. ಅವ್ವ ಒಮ್ಮೆಲೇ ಹೇಳತೊಡಗಿದಳು, ಯಾರೋ ತಡೆದಾರೆಂಬ ಅವಸರದಲ್ಲಿ. "ಕೂದಲಾ ಅಂದ್ರ ಏನ ಕೂದಲಾ! ಕಿವೀ ಮ್ಯಾಲೂ ಇತ್ತು, ನಿನಗೂ ಹಂಗ ಇತ್ತು ಹುಟ್ಟಿದಾಗ. ಬೆರಳ ಉದ್ದುದ್ದ. ಅಳತಿದ್ದಿಲ್ಲ, ಬೆಕ್ಕಿನ ಮರಿ ಹಂಗ ಕುಂಯ್ಯ ಅಂತಿದ್ದ. ಎಡಗೈ ಮುಷ್ಟಿ ಬಿಚ್ಚೂದ ಇಲ್ಲ ಅಂತಿದ್ದ. ಆಯಿ ಅಂದ್ಲು, ಏನ ಹಿಡಕೊಂಡ ಬಂದೈತಿ ನೋಡ ಇದು, ತೋರಸವಲ್ದು ಅಂತ."

ನನಗೆ ನಗು ಬಂತು. ಅವ್ವನಿಗೂ ಬಂತು. ಅಳುತ್ತಲೇ ಇಬ್ಬರೂ ನಕ್ಕೆವು.

"ಹೆಸರು?"

"ತೊಟ್ಟಲದಾಗ ಹಾಕೂದ್ರಾಗನ ಹೋದನಲ್ಲವ್ವಾ. ಎಲ್ಲಿ ಹೆಸರು?"

"ನೀ ಏನಂತ ಕರೀತಿದ್ದಿ?"

ಅವ್ವನ ಕೈ ನನ್ನ ತಲೆಯ ಮೇಲೆ ನಿಂತಿತು. "ಅದನ್ನ ಕೇಳಬ್ಯಾಡ," ಎಂದಳು. "ಅದೊಂದು ನನಗಿರಲಿ."

ಸಂಜೆ ಅಪ್ಪ ಬಂದಾಗ ಅವ್ವ ಅಕ್ಕಿ ಆರಿಸುತ್ತಿದ್ದಳು. ಅವರು ಬಾಗಿಲಲ್ಲೇ ಚಪ್ಪಲಿ ಬಿಡುವುದನ್ನು ಮರೆತು ನಿಂತರು. "ಅಕೀಗ ಹೇಳೇನಿ," ಎಂದಳು ಅವ್ವ, ಮೊರದಿಂದ ತಲೆಯೆತ್ತದೆ. ಅಪ್ಪ ನನ್ನ ಕಡೆ ನೋಡಿದರು. ಏನಾದರೂ ಹೇಳುತ್ತಾರೆ ಎಂದು ಕಾದೆ. "ಚಾ ಮಾಡ್ಲಿ?" ಎಂದು ಕೇಳಿ ಒಳಗೆ ಹೋದರು. ಆ ದಿನಕ್ಕೆ ಮಾತ್ರವಲ್ಲ, ಅವರ ಇಡೀ ಬದುಕಿಗೆ ಆ ವಿಷಯದಲ್ಲಿ ಅವರು ಆಡಿದ್ದು ಅಷ್ಟೇ ಮಾತು.

ತಾನ್ಹಾ ಪೋಳಾದ ದಿನ ನಾನು ಎರಡು ಎತ್ತುಗಳನ್ನೂ ಎಳೆದುಕೊಂಡು ಹೋದೆ. ಸಣ್ಣ ಎತ್ತಿಗೆ ಅವ್ವನೇ ಹಣೆಗೆ ಕುಂಕುಮ ಹಚ್ಚಿ, ಹಳೆಯ ಕುಪ್ಪಸದ ಚೂರಿನಿಂದ ಬೆನ್ನಿಗೆ ಹೊದಿಸುವ ಝೂಲು ಹೊಲಿದಿದ್ದಳು. ಇನ್ನೊಂದು ಯಾರದು ಎಂದು ಹುಡುಗಿಯರು ಕೇಳಿದರು. ತಮ್ಮನದು, ಅವನು ಬರುವುದಿಲ್ಲ ಎಂದು ಮರಾಠಿಯಲ್ಲಿ ಹೇಳಿದೆ. ನನ್ನ ಮರಾಠಿ ಅಷ್ಟಕ್ಕೆ ಸಾಕಾಯಿತು. ಯಾರೂ ತಿರುಗಿ ಕೇಳಲಿಲ್ಲ. ಎಲ್ಲ ಮನೆಗಳಲ್ಲೂ ಎರಡು ಎತ್ತಿಗೂ ಬೇರೆಬೇರೆಯಾಗಿ ತಿಂಡಿ ಕೊಟ್ಟರು.

ಪುಸ್ತಕ ಹಿಂದಿರುಗಿಸುವ ದಿನ ಅವ್ವ ಬರಲಿಲ್ಲ, ನಾನೇ ಬೇಡವೆಂದೆ. ಎಲ್ಲರೂ ಹೋಗುವವರೆಗೆ ಕಾದು ಮೇಜಿನ ಮೇಲಿಟ್ಟೆ. ಸಿಸ್ಟರ್ ತೆರೆದರು. ಹಬೆಗೆ ಅಲೆಅಲೆಯಾಗಿ ಉಬ್ಬಿದ ಹಾಳೆಗಳು.

"ಯಾರು ಮಾಡಿದ್ದು ಇದು?"

"ನನ್ನ ಅಮ್ಮ, ಸಿಸ್ಟರ್. ನಮ್ಮ ಮನೆಯ ಪಾಪು ಹೋಗಿಬಿಟ್ಟಿದೆ. ಅಮ್ಮನಿಗೆ ಓದಬೇಕಾಗಿತ್ತು."

ಸಿಸ್ಟರ್ ಪುಸ್ತಕ ಮುಚ್ಚಿದರು. ಅದರ ಮೇಲೆ ಅಂಟು ಹತ್ತಿದ ಬೆರಳುಗಳನ್ನಿಟ್ಟರು. ಆಮೇಲೆ ನನ್ನ ಕಿವಿಯನ್ನು ನಾನೇ ನಂಬದಂತೆ, ಕನ್ನಡದಲ್ಲಿ, ನಮ್ಮದಲ್ಲದ ಕರಾವಳಿಯ ಬಿಡಿಬಿಡಿಯಾದ ಕನ್ನಡದಲ್ಲಿ ಕೇಳಿದರು.

"ಅಮ್ಮ ಈಗ ಊಟ ಮಾಡ್ತಾರಾ ಮಗಾ?"

ಆ ಶಾಲೆಯಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡಿದರೆ ಶಿಕ್ಷೆ. ನಾನು ಬಾಗಿಲ ಕಡೆ ನೋಡಿ, ಮೆಲ್ಲಗೆ "ಹೂಂ" ಎಂದೆ. ಆ ಪುಸ್ತಕವನ್ನು ಅವರು ಮತ್ತೆ ಅಂಟಿಸಲಿಲ್ಲ. ಉಳಿದವನ್ನು ಅಂಟಿಸುವುದನ್ನು ನಿಲ್ಲಿಸಲೂ ಇಲ್ಲ. ಅವರ ಮೇಲೆ ನನಗೆ ಸಿಟ್ಟಿಲ್ಲ. ನಮ್ಮನ್ನು ಕಾಯಲು ಅವರಿಗೆ ಗೊತ್ತಿದ್ದ ದಾರಿ ಅದೊಂದೇ. ಅಪ್ಪನಿಗೂ ಹಾಗೆಯೇ.

ಈಗ ನಾನಿರುವುದು ಹುಬ್ಬಳ್ಳಿಯಲ್ಲಿ. ನಮ್ಮ ಅಪಾರ್ಟ್‌ಮೆಂಟಿನ ತಾಯಂದಿರು ಮಕ್ಕಳಿಗೆ ಪುಸ್ತಕ ಆರಿಸುವಾಗ ನನ್ನನ್ನು ಕೇಳುತ್ತಾರೆ. "ಆಂಟಿ, ಇದರಾಗ ಅಜ್ಜ ಸಾಯ್ತಾನಂತ. ಮಕ್ಕಳಿಗೆ ಕೊಡಬಹುದಾ?" ಇಂಥ ಪ್ರಶ್ನೆಗಳನ್ನು ಪಂಡಿತರೂ ಚರ್ಚಿಸುತ್ತಾರಂತೆ, ಯಾವ ವಯಸ್ಸಿಗೆ ಎಷ್ಟು ದುಃಖ ಎಂದು. ನನಗೆ ಅಷ್ಟು ತಿಳಿಯದು. ಓದುವಾಗ ಪಕ್ಕದಲ್ಲಿ ಯಾರು ಕೂತಿರುತ್ತೀರಿ ಎಂದು ಮಾತ್ರ ಕೇಳುತ್ತೇನೆ. ಅವರು ನಕ್ಕು, ಈಗಿನ ಮಕ್ಕಳು ತಾವೇ ಓದಿಕೊಳ್ಳುತ್ತವೆ ಅನ್ನುತ್ತಾರೆ.

ಅಪ್ಪ ಹೋಗಿ ಬಹಳ ವರ್ಷಗಳಾದವು. ಹೋದ ಮಳೆಗಾಲದಲ್ಲಿ ಅವ್ವನೂ ಹೋದಳು. ನಿಮಗೆಷ್ಟು ಮಕ್ಕಳು ಎಂದು ಯಾರೇ ಕೇಳಲಿ, ಆ ಮಧ್ಯಾಹ್ನದ ಮೇಲೆ ಅವ್ವ ತಡವರಿಸದೆ "ಇಬ್ಬರು. ಒಂದು ಉಳೀಲಿಲ್ಲ," ಅನ್ನುತ್ತಿದ್ದಳು. ಅವಳಿದ್ದಷ್ಟು ದಿನ ಆ ಲೆಕ್ಕ ಇಡುವ ಹೊಣೆ ನನ್ನದಾಗಿರಲಿಲ್ಲ. ಒಬ್ಬಳೇ ಮಗಳು ಎಂದು ನಾನು ಆರಾಮಾಗಿ ಹೇಳಿಕೊಂಡು ಬಂದಿದ್ದೆ. ಈಗ ಯಾರಾದರೂ ಕೇಳಿದರೆ ಅವ್ವನಿಗೆ ಇಬ್ಬರು ಎಂದು ನಾನೇ ಹೇಳಬೇಕು, ಹೇಳುತ್ತೇನೆ. ಕಿವಿಯ ಮೇಲಿನ ಕೂದಲು, ಬಿಚ್ಚದ ಎಡಗೈ ಮುಷ್ಟಿ, ಬೆಕ್ಕಿನ ಮರಿಯ ದನಿ ಎಲ್ಲ ನನ್ನ ಹತ್ತಿರ ಇವೆ. ಅವನನ್ನು ಕಂಡವರು ಯಾರೂ ಉಳಿದಿಲ್ಲ. ಕಾಣದ ನಾನೊಬ್ಬಳೇ ಉಳಿದಿದ್ದೇನೆ.

ಕೇಳಿದವರು ಸಹಜವಾಗಿ ಇನ್ನೊಂದು ಮಾತು ಕೇಳುತ್ತಾರೆ, ತಮ್ಮನ ಹೆಸರೇನು ಎಂದು. ಅಲ್ಲಿ ನಾನು ಸುಮ್ಮನಾಗುತ್ತೇನೆ.